ಆಕಿ ಹೆಸರಿನ್ಯಾಗ ನನ್ನ ಮೈ

ನನ್ನ ಎಡ ಪಕ್ಕಡಿ ಕೆಳಗ ಗೇಣುದ್ದ ಗಾಯದ ಗುರ್ತು ಐತಿ. ಯಾರರ ಕೇಳಿದ್ರ "ಮೂತ್ರಪಿಂಡದಾಗ ಗಡ್ಡಿ ಇತ್ರಿ, ತಗದ್ರು" ಅಂತ ಹೇಳ್ತೇನಿ. ಅಷ್ಟು ಹೇಳಾಕ ನಾಚಿಕಿ ಏನೂ ಇಲ್ಲ. ಜಡ್ಡು ಯಾರಿಗೆ ಬರೂದಿಲ್ಲ? "ಹೌದೇನು, ಅದು ಗೊತ್ತಾತು ಹೆಂಗ?" ಅಂತ ಮುಂದ ಕೇಳಿದ್ರ ಮಾತ್ರ ನನ್ನ ಮಾರಿ ಕೆಳಗಾಗತೈತಿ. ಇವತ್ತ ಅದನ್ನ ಹೇಳೇ ಬಿಡಬೇಕಂತ ಕೂತೀನಿ. ನನ್ನಂಗ ದವಾಖಾನಿ ಕಟಗಿ ಬಾಕಿನ ಮ್ಯಾಲೆ ಬಾಯಿ ಹೊಲಕೊಂಡು ಕೂತಾಕಿ ಇನ್ನೊಬ್ಬಾಕಿ ಎಲ್ಯರ ಇದ್ರ, ಆಕಿಗೆ ಮುಟ್ಲಿ.

ನಮ್ಮದು ಇಳಕಲ್ಲು. ಮನ್ಯಾಗ ಎರಡು ಮಗ್ಗ. ಒಂದಕ್ಕ ನನ್ನ ಮೈದುನ ಈರಣ್ಣ ಕೂಡ್ತಾನ, ಇನ್ನೊಂದಕ್ಕ ಅವನ ಹೇಣ್ತಿ ಮಹಾದೇವಿ. ನಾ ಲಾಳಿಯೊಳಗ ಇಡೂ ನೂಲಿನ ಕಂಡಿಕಿ ಸುತ್ತೇನಿ, ಅಡಗಿ ನೋಡ್ಕೊಂತೇನಿ. ನಮ್ಮತ್ತಿ ಕಟ್ಟಿ ಮ್ಯಾಲೆ ಕೂತು ಎಲ್ಲಾರನೂ ಸರಿಸಮ ಬೈತಾರ. ನನ್ನ ಗಂಡ ತೀರಿಕೊಂಡು ಒಂಬತ್ತು ವರ್ಷ ಆತು, ಮಕ್ಕಳಿಲ್ಲ. ಮಹಾದೇವಿ ನನಗಿಂತ ಎರಡ ವರ್ಷ ಸಣ್ಣಾಕಿ. ನನಗ ಯಕ್ಕಾ ಅಂತಾಳ, ಖರೆವಂದ್ರ ಅಕ್ಕನಂಗ ನೋಡ್ತಾಳ. ನಾನ ಆಕಿನ್ನ ತಂಗಿಯಂಗ ನೋಡ್ಲಿಲ್ಲ. ಅದನ್ನ ಮುಂದ ಹೇಳ್ತೇನಿ.

ಎರಡು ವರ್ಷದ ಹಿಂದ ನಮ್ಮ ಓಣಿ ಶಾಹೀನ್ ಕೈಯಾಗ ಒಂದು ಫೈಲ್ ಹಿಡ್ಕೊಂಡು ಬಂದ್ಲು. ಸಣ್ಣಾಕಿದ್ದಾಗ ನಮ್ಮ ಮನ್ಯಾಗ ಆಡಿದ ಹುಡುಗಿ, ಈಗ ಡಿಗ್ರಿ ಮುಗಿಸಿ ಒಂದು ಸಂಶೋಧನಾದವರ ಕಡೆ ಮನಿಮನಿ ತಿರಗೂ ಕೆಲಸಕ್ಕ ಸೇರಿದ್ಲು. ಮತದಾರರ ಪಟ್ಟಿಯಿಂದ ಕಂಪ್ಯೂಟರು ಚೀಟಿ ಎತ್ತಿದಂಗ ಹೆಸರು ಎತ್ತತೈತಂತ. ಹುನಗುಂದ, ಇಳಕಲ್ಲು, ಬಾದಾಮಿ, ಶಿರೂರು, ಎಲ್ಲಾ ಕಡೆದಿಂದ. ನಮ್ಮ ಮನ್ಯಾಗ ಮಹಾದೇವಿ ಹೆಸರು ಬಂದಿತ್ತು.

"ನನಗೇನು ಆಗೇತಿ? ಕಲ್ಲಿನಂಗ ಅದೀನಿ" ಅಂದ್ಲು ಮಹಾದೇವಿ.

"ಅದಕ್ಕ ನಿಮ್ಮನ್ನ ಕೇಳಾಕ ಬಂದೀನ್ರಿ ಅಕ್ಕಾರ" ಅಂದ್ಲು ಶಾಹೀನ್. "ದವಾಖಾನಿಗೆ ಹೋಗೂದು ಜಡ್ಡಾದವರಷ್ಟ. ಆರಾಮ ಇದ್ದವರ ಒಳಗ ಹೆಂಗಿರತೈತಿ, ವಯಸ್ಸಿನ ಕೂಡ ಹೆಂಗ ಬದಲಾಗತೈತಿ, ಯಾರು ನೋಡ್ಯಾರ? ಎಂ.ಆರ್.ಐ. ಮಷಿನ್‌ದಾಗ ತಲಿಯಿಂದ ಕಾಲತನಕ ಚಿತ್ರಾ ತಗೀತಾರ. ಸಾವಿರಾರು ಮಂದೀದು ತಗದು ಇಟ್ಟು, ವರ್ಷಾನುಗಟ್ಲೆ ಬೆನ್ನ ಹತ್ತತಾರ. ಮುಂದ ಯಾರಿಗರ ಜಡ್ಡು ಬಂದ್ರ, ಅದರ ಸುಳುವು ಮೊದಲ ಎಲ್ಲಿತ್ತು ಅಂತ ತಿರಿಗಿ ನೋಡಾಕ ಬರ್ತೈತಿ. ನಿಮಗ ಇವತ್ತಿಗೆ ಉಪಯೋಗ ಇರಲಿಕ್ಕಿಲ್ಲ. ನಿಮ್ಮ ಮೊಮ್ಮಕ್ಕಳಿಗೆ ಆದೀತು."

ಆಮ್ಯಾಲೆ ಪ್ರಶ್ನಿ ಕೇಳಾಕ ಕುಂತ್ಲು. ನಿದ್ದಿ ಕೆಡತೈತೇನ್ರಿ? ಬೆನ್ನ ನೋಯತೈತೇನ್ರಿ? ಮನಸ್ಸಿಗೆ ಬ್ಯಾಸರ ಆಗತೈತೇನ್ರಿ? ಮಹಾದೇವಿ ಲಾಳಿ ಒಗಿಯೂದು ಬಿಡದ "ಇಲ್ಲ, ಇಲ್ಲ" ಅನಕೋತ ಹೋದ್ಲು. ನಾ ಮೂಲ್ಯಾಗ ಕಂಡಿಕಿ ಸುತ್ತಕೋತ ಒಂದೊಂದಕ್ಕೂ ಮನಸ್ಸಿನ್ಯಾಗ ಉತ್ತರಾ ಕೊಟ್ಟೆ. ಕೆಡತೈತಿ. ನೋಯತೈತಿ. ಭಾಳ ಆಗತೈತಿ. ಗಂಡ ಹೋದಾಗಿಂದ ನನಗ ಯಾರೂ ಅಷ್ಟು ಕೇಳಿದ್ದಿಲ್ಲ.

"ನನ್ನ ಹೆಸರು ಬಂದಿಲ್ಲೇನು?" ಅಂತ ಕೇಳಿದೆ.

"ಇಲ್ರಿ ಅಕ್ಕಾರ. ಬಂದದ್ದ ಖರೆ, ನಾವು ಆರಿಸಂಗಿಲ್ಲ."

ನಗಕೋತ ಅಂದ್ಲು ಪಾಪ. ನನಗ ಚುಚ್ಚಿದಂಗಾತು. ಚೀಟಿ ಎತ್ತಿದ್ರೂ ಆಕೀದ ಬರಬೇಕು ನೋಡು, ಅಂತ ಅನಿಸ್ತು. ಗಂಡ ಆಕಿಗೆ, ಮಗಳು ಆಕಿಗೆ, ಮಗ್ಗ ಆಕಿಗೆ, ಈಗ ಮಷಿನ್ನೂ ಆಕಿಗೆ.

ಹೇಳಿದ ದಿನ ಗಾಡಿ ಬಂತು. ಜೋಡಿಗೆ ಒಬ್ಬರು ಬರಬಹುದು ಅಂದಿದ್ರು, ನಾ ಹೋದೆ. ಬಾಗಲಕೋಟೆಗೆ ಮುಟ್ಟಿದ ಕೂಡಲೇ ಮಹಾದೇವೀದು ತೂಕ ನೋಡಿದ್ರು, ಎತ್ತರ ನೋಡಿದ್ರು, ರಕ್ತ ತಗೊಂಡ್ರು, ನಂಬರ್ ಬರದ ಕಾಗದದ ಪಟ್ಟಿ ಮುಂಗೈಗೆ ಹಾಕಿದ್ರು. ಆಮ್ಯಾಲೆ ಒಬ್ಬಾಕಿ ನರ್ಸ್ ನಮ್ಮಿಬ್ಬರನೂ ಬಟ್ಟಿ ಬದಲ ಮಾಡೂ ಖೋಲಿಗೆ ಬಿಟ್ಟು, ದವಾಖಾನಿ ಅಂಗಿ ಕೊಟ್ಟು, "ಮೈಮ್ಯಾಲೆ ಒಂದು ಗುಂಡುಸೂಜಿ ಸುದ್ದಾ ಇರಬಾರ್ದ್ರಿ. ತಾಳಿ, ಕಾಲುಂಗ್ರ, ಮೂಗಬೊಟ್ಟು, ಎಲ್ಲಾ ತಗೀರಿ. ಐದು ನಿಮಿಷಕ್ಕ ಬರ್ತೇನಿ" ಅಂತ ಹೇಳಿ ಹೋದ್ಲು.

ಮಹಾದೇವಿ ತಾಳಿ ಹಿಡ್ಕೊಂಡು ನಿಂತುಬಿಟ್ಲು. "ಯಕ್ಕಾ, ನಾ ತಗಿಯಂಗಿಲ್ಲ. ಬರೇ ಕೊಳ್ಳಿಲೆ ಒಂದು ತಾಸು ಮಲಗು ಅಂದ್ರ ಹೆಂಗ? ಮದಿವ್ಯಾದಾಗಿಂದ ತಗದಿಲ್ಲ. ಮನಿಗೆ ಹೋಗೂಣು ನಡಿ."

ಈಗ ಹೇಳೂದ ಕೇಳ್ರಿ. ಇದಕ್ಕೊಂದು ಉಪಾಯ ಐತಿ, ನಮ್ಮ ಕಡೆ ಹೆಂಗಸರಿಗೆಲ್ಲಾ ಗೊತ್ತು. ತಾಳಿ ಸರ ಹರದಾಗ, ಪತ್ತಾರನ ಕಡೆ ರಿಪೇರಿಗೆ ಕೊಟ್ಟಾಗ, ಅರಿಷಿಣದಾಗ ಅದ್ದಿದ ನೂಲಿಗೆ ಒಂದು ಅರಿಷಿಣಬೇರು ಕಟ್ಟಿ ಕೊಳ್ಳಾಗ ಹಾಕ್ಕೊಂತಾರ. ಅದೂ ತಾಳಿನ. ಅದರಾಗ ಬಂಗಾರಿಲ್ಲ, ಕಬ್ಬಿಣಿಲ್ಲ. ರಸ್ತೆ ದಾಟಿದ್ರ ಕಿರಾಣಿ ಅಂಗಡಿ ಇತ್ತು. ಮಾತು ನನ್ನ ನಾಲಿಗಿ ಮ್ಯಾಲೆ ಬಂದಿತ್ತು. ನಾ ನುಂಗಿದೆ.

ನುಂಗಿ, "ನನ್ನ ಕೊಳ್ಳಾಗ ತಗಿಯಾಕ ಏನೈತಿ? ಆ ಪಟ್ಟಿ ಇತ್ತ ಕೊಡು, ನಾ ಹೋಗಿ ಬರ್ತೇನಿ" ಅಂದೆ.

"ನಡೀತೈತೇನು?"

"ನನಗ ಕೈ ನೋವಾದಾಗ ನೀ ನನ್ನ ಕಂಡಿಕಿ ಸುತ್ತಂಗಿಲ್ಲೇನು? ನಿನ್ನ ಮಗ್ಗಕ್ಕ ಬದಲಿ ಯಾರೂ ಕೂಡಂಗಿಲ್ಲೇನು? ಸೀರಿ ಸೀರಿನ ಆಗತೈತಿ. ಇದೂ ಹಂಗ."

ನೇಕಾರರ ಮನ್ಯಾಗ ಬೆಳದ ಬುದ್ಧಿ. ಒಬ್ಬರ ಬದಲಿ ಒಬ್ಬರು ಕೂತ್ರ ಕೆಲಸ ಮುಗೀತು ಅನ್ನೂದು ನಮಗ ಉಸಿರಾಡಿದಷ್ಟು ಸಹಜ. ಆಕಿ ಪಟ್ಟಿ ಜಗ್ಗಿ ತಗದು ನನ್ನ ಕೈಗೆ ಏರಿಸಿದ್ಲು. ನಾ ಕಿವ್ಯಾನ ವಾಲಿ ಬಿಚ್ಚಿ ಆಕಿ ಅಂಗೈಯಾಗ ಇಟ್ಟು, ದವಾಖಾನಿ ಅಂಗಿ ಹಾಕ್ಕೊಂಡೆ. ನರ್ಸ್ ಬಂದಾಕಿ ಪಟ್ಟಿ ಮ್ಯಾಲಿನ ನಂಬರ್ ಅಷ್ಟ ನೋಡಿ ಒಳಗ ಕಳಿಸಿದ್ಲು. ಒಳಗಿನವರು ಆಧಾರ ಕಾರ್ಡಿನ ಝೆರಾಕ್ಸ್ ನೋಡಿದ್ರು, ನನ್ನ ಮಾರಿ ನೋಡಿದ್ರು. ಆ ಕರೇ ಝೆರಾಕ್ಸ್‌ದಾಗ ಹೆಣ್ಣೋ ಗಂಡೋ ಅನ್ನೂದ ಗೊತ್ತಾಗತಿದ್ದಿಲ್ಲ ಬಿಡ್ರಿ.

ಕೊಳವಿಯಂಥಾ ಮಷಿನ್. ಒಳಗ ಒಯ್ದು ಮಲಗಿಸಿದ ಮ್ಯಾಲೆ ನಮ್ಮ ಓಣಿ ಪಾವರ್‌ಲೂಮೆಲ್ಲಾ ಒಮ್ಮೆಲೆ ಚಾಲೂ ಆದಂಗ ಸಪ್ಪಳ. ಖರೆ ಹೇಳ್ಲೇನು, ನನಗ ಅಂಜಿಕಿ ಬರ್ಲಿಲ್ಲ. ಛಂದ ಅನಿಸ್ತು. ಕಿವ್ಯಾಗ ಒಂದು ಮೆತ್ತನ್ನ ದನಿ, "ಮಹಾದೇವಿಯವ್ರ, ಉಸಿರು ಹಿಡೀರಿ" ಅಂತಿತ್ತು, ಆಮ್ಯಾಲೆ "ಮಹಾದೇವಿಯವ್ರ, ಬಿಡ್ರಿ" ಅಂತಿತ್ತು. ನನ್ನ ಒಳಗ ಏನೈತಿ ಅಂತ ನೋಡಾಕ ಇಷ್ಟು ಮಂದಿ ನಿಂತಾರಲ್ಲಾ ಅಂತ ಕಣ್ಣಾಗ ನೀರು ಬಂತು. ಹೆಸರು ನಂದಲ್ಲ ಅನ್ನೂದು ಆಗ ನೆನಪ ಇರ್ಲಿಲ್ಲ.

ವಾಪಸ್ ಬರುವಾಗ ಅಮೀನಗಡದಾಗ ಕರದಂಟು ತಗೊಂಡು ಇಬ್ಬರೂ ನಗಕೋತ ತಿಂದ್ವಿ. ಮನ್ಯಾಗ ಯಾರಿಗೂ ಹೇಳಬಾರ್ದು ಅಂತ ಮಾತಾತು.

ಮೂರು ವಾರಕ್ಕ ಶಾಹೀನ್ ಬಂದ್ಲು. ಈ ಸಲ ನಗಲಿಲ್ಲ. ಲಕೋಟಿ ಈರಣ್ಣನ ಕೈಗೆ ಕೊಟ್ಟು, ಅಂವ ಓದೂದರಾಗ ತಾನ ಹೇಳಿದ್ಲು. "ಹಿಂಗ ಏನರ ಕಂಡ್ರ ತಿಳಸಬೇಕಂತ ನಿಯಮ ಐತ್ರಿ. ಎಡ ಮೂತ್ರಪಿಂಡದಾಗ ಒಂದು ಗಡ್ಡಿ ಕಂಡೈತಿ. ಕೆಟ್ಟದ್ದ ಅಂತ ಈಗ ಹೇಳಾಕ ಆಗಂಗಿಲ್ಲ. ತಡಾ ಮಾಡದ ಮತ್ತೊಮ್ಮೆ ತಪಾಸ ಮಾಡಸ್ರಿ."

ಈರಣ್ಣ ಮಗ್ಗದ ಕುಣಿಯೊಳಗ ಕುಂತಲ್ಲೇ ಕಾಗದ ಮೊದಲಿಂದ ಮತ್ತ ಓದಿದ. ಅತ್ತಿ "ಏನಾತು, ಏನಾತು" ಅಂತ ಕಟ್ಟಿಯಿಂದ ಒದರಿದ್ರು. ಮಹಾದೇವಿ ಲಕೋಟಿ ನೋಡ್ಲಿಲ್ಲ. ನನ್ನ ನೋಡಿದ್ಲು. ಆಗ ನಾ ಹೇಳಬೇಕಾಗಿತ್ತು. ಎರಡ ಮಾತು, "ಅದು ನಂದು" ಅಂತ. ನಾ ತಲಿ ತೆಳಗ ಹಾಕಿ ಕಂಡಿಕಿ ಸುತ್ತಿದೆ.

ಎಂಟು ದಿನ ಸುತ್ತಿದೆ.

ಆ ಎಂಟು ದಿನ ನಮ್ಮ ಮನಿ ಹೆಂಗಿತ್ತು ಅಂದ್ರ, ಬಂದ ಮಂದಿ ಎಲ್ಲಾ ಮಹಾದೇವಿ ಸುತ್ತ. ಹುನಗುಂದಕ್ಕ ಕೊಟ್ಟ ಮಗಳು ಅಳಕೋತ ಓಡಿ ಬಂದ್ಲು. ಅತ್ತಿ ಬೈಯೂದ ನಿಲ್ಲಿಸಿದ್ರು, ಬಾದಾಮಿ ಬನಶಂಕರಿಗೆ ಹರಕಿ ಹೊತ್ತು ಉಪ್ಪು ಬಿಟ್ರು. ಈರಣ್ಣ ಹೇಣ್ತೀನ್ನ ಮಗ್ಗಕ್ಕ ಕೂಡಗೊಡಲಿಲ್ಲ, ತಾನ ಚಹಾ ಮಾಡಿ ಕೊಟ್ಟ. ಮೂರನೇ ದಿನ ಮಹಾದೇವಿ ಅಡಗಿಮನ್ಯಾಗ ನನ್ನ ರಟ್ಟಿ ಹಿಡಿದ್ಲು.

"ಯಕ್ಕಾ, ಯಾವಾಗ ಹೇಳ್ತೀ?"

"ಎರಡ ದಿನ ತಡಿಯವ್ವಾ."

"ನನ್ನ ಮಗಳು ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಅಳ್ತಾಳ. ನಾ ಏನಂತ ಸಮಾಧಾನ ಮಾಡ್ಲಿ? ನಿನಗ ಬಾಯಿ ಬರಲಿಲ್ಲಂದ್ರ ನಾ ಹೇಳ್ತೇನಿ."

"ಹೇಳಿದ್ರ ನನ್ನ ಆಣಿ ಐತಿ ನಿನಗ" ಅಂದೆ.

ಆಕಿ ರಟ್ಟಿ ಬಿಟ್ಲು. ಆಣಿ ಅಂದ್ರ ಆಕಿ ಮುರಿಯಂಗಿಲ್ಲ, ಅದು ಗೊತ್ತಿದ್ದ ಹಾಕಿದ್ದೆ.

ಯಾಕ ಹಾಕಿದೆ? ಹೆಸರು ಬದಲ ಮಾಡಿದ್ದಕ್ಕ ಕೇಸ್ ಆಕ್ಕೈತಿ ಅಂತ ಅಂಜಿದ್ದೆ, ಅದು ಖರೆ. ಆದ್ರ ಪೂರಾ ಖರೆ ಅಲ್ಲ. ನಾ ಹೇಳೂತನಕ ಆ ಗಡ್ಡಿ ಆಕೀದು. ಹೇಳಿದ ಗಳಿಗಿಗೆ ನಂದು. ಇನ್ನೂ ಕೆಟ್ಟದ್ದು ಒಂದೈತಿ. ಆಕಿ ಗಡ್ಡಿಗೆ ಇಡೀ ಮನಿ ಅಳಾಕತ್ತಿತ್ತು. ನನ್ನ ಗಡ್ಡಿಗೆ ಯಾರು ಅಳ್ತಾರ? ಅತ್ತಿ ಉಪ್ಪು ಬಿಡ್ತಾರೇನು? ಅದನ್ನ ನೋಡೂ ಧೈರ್ಯ ನನಗ ಇರ್ಲಿಲ್ಲ. ಮೈಮ್ಯಾಲೆ ನೀರು ಹಾಕ್ಕೊಳ್ಳುವಾಗ ಎಡ ಪಕ್ಕಡಿ ಒತ್ತಿ ಒತ್ತಿ ನೋಡ್ಕೊಂತಿದ್ದೆ. ಏನೂ ಸಿಗತಿದ್ದಿಲ್ಲ. ಇಲ್ಲೇ ಇಲ್ಲ ಬಿಡು ಅಂತ ಸೀರಿ ಉಟ್ಕೊಂಡು ಹೊರಗ ಬರ್ತಿದ್ದೆ.

ಒಂಬತ್ತನೇ ದಿನ ಈರಣ್ಣ, ಮಹಾದೇವಿ, ನಾ ಮೂವರೂ ಬಾಗಲಕೋಟೆ ಬಸ್ ಹತ್ತಿದ್ವಿ. ದವಾಖಾನಿ ಬ್ಯಾರೆ, ಮಷಿನ್ ಹಂಥಾದ್ದ. ಹೊರಗಿನ ಬಾಕಿನ ಮ್ಯಾಲೆ ಹತ್ತಿಪ್ಪತ್ತು ಮಂದಿ. ನಮ್ಮ ಬಾಜು ಶಿರೂರಿನ ಒಬ್ಬ ಮುದುಕಿ ತನ್ನ ಮೊಣಕಾಲಿನ ಕಥಿ ಹೇಳಕೋತ, ಮಹಾದೇವಿ ಕೈಗೆ ಒಂದು ಬಾಳಿಹಣ್ಣು ಕೊಟ್ಟು "ತಿನ್ನು ಮಗಳ, ಮಾರಿ ಸೊರಗೈತಿ" ಅಂದ್ಲು. ಈರಣ್ಣ ಚೀಟಿ ಮಾಡಸಾಕ ಹೋಗಿದ್ದ.

ಮಹಾದೇವಿ ಬಾಳಿಹಣ್ಣು ಬದೀಗಿಟ್ಟು, ಎರಡೂ ಕೈ ಕೊಳ್ಳಿನ ಹಿಂದ ಒಯ್ದು ತಾಳಿ ಬಿಚ್ಚಿದ್ಲು. ಅಷ್ಟು ಮಂದಿ ಎದರಿಗೆ. ಬಿಚ್ಚಿ ನನ್ನ ಅಂಗೈಯಾಗ ಇಟ್ಟು ಬೆರಳು ಮಡಚಿದ್ಲು. ಗಂಡ ಸತ್ತಾಕಿ ಕೈಯಾಗ ಯಾರೂ ತಾಳಿ ಇಡೂದಿಲ್ಲ.

"ಒಳಗ ನಾ ಹೋಗಿ ಬರ್ತೇನಿ" ಅಂದ್ಲು, ಸಣ್ಣ ದನಿಲೆ. "ನನ್ನ ಕಾಗದ ಸ್ವಚ್ಛ ಬರ್ತೈತಿ. ದೇವಿ ಕಣ್ಣ ತೆರೆದ್ಲು ಅಂತ ಮನ್ಯಾಗ ಸಕ್ಕರಿ ಹಂಚತಾರ. ಆಮ್ಯಾಲೆ ನಿನ್ನ ಇಲ್ಲಿಗೆ ಯಾರು ಕರಕೊಂಡು ಬರ್ತಾರ, ಯಕ್ಕಾ? ನಿನ್ನ ಗಡ್ಡಿ ಯಾರಿಗೂ ಗೊತ್ತಾಗದ ಒಳಗ ಬೆಳೀತೈತಿ. ಆಣಿ ನಾ ಮುರಿಯಂಗಿಲ್ಲ. ನೀನ ಹೇಳು, ಒಳಗ ಯಾರು ಹೋಗಬೇಕು?"

ಅಷ್ಟರಾಗ ಈರಣ್ಣ ಬಂದ. ಹೇಣ್ತಿ ಬರೇ ಕೊಳ್ಳು ನೋಡಿದ, ನನ್ನ ಮುಚ್ಚಿದ ಕೈ ನೋಡಿದ. "ಏನಿದು?" ಅಂದ.

"ಗಡ್ಡಿ ನಂದು, ಈರಣ್ಣ" ಅಂದೆ. "ಅವತ್ತ ಮಷಿನ್ನಿನ್ಯಾಗ ಮಲಗಿದಾಕಿ ನಾ. ಮಹಾದೇವಿಗೆ ಏನೂ ಆಗಿಲ್ಲ."

ಈರಣ್ಣ ನಕ್ಕ. "ಏನೂ ಆಗಿಲ್ಲ!" ಅಂತ ಜೋರಾಗಿ ನಕ್ಕ, ಬಾಕಿನವರೆಲ್ಲಾ ತಿರಿಗಿ ನೋಡಿದ್ರು. ಹೇಣ್ತಿ ಭುಜ ಹಿಡ್ಕೊಂಡು ನಕ್ಕ. ನಾ ಎಂಟು ದಿನ ಅಂಜಿದ್ದು ಇದಕ್ಕ. ಅದು ನನ್ನ ಕಣ್ಣ ಮುಂದ ಆತು, ನಾ ಸಾಯಲಿಲ್ಲ. ನಗಕೋತ ನನ್ನ ಮಾರಿ ನೋಡಿದ, ಹಂಗ ನಿಂತ, ಅವನ ಮಾರಿ ಪಾಪ ಸುಣ್ಣದಂಗಾತು. ನನ್ನ ಕಾಲ ಹತ್ರ ನೆಲದ ಮ್ಯಾಲೆ ಕುಂತು, "ವೈನಿ, ನಾ ಎಂಥಾ ಮನಷ್ಯಾ ಅದೀನಿ ನೋಡ್ರಿ" ಅಂತ ಅಳಾಕತ್ತಿದ. ಕ್ಷಮಾ ಕೇಳಬೇಕಾದಾಕಿ ನಾ. ಕೇಳಿಸಿಕೊಂಡಾಕಿನೂ ನಾನ.

"ಏಳ್ರಿ, ಚೀಟಿ ಮ್ಯಾಲೆ ಹೆಸರು ಬದಲಿ ಮಾಡಿಸ್ಕೊಂಡು ಬರ್ರಿ" ಅಂದ್ಲು ಮಹಾದೇವಿ, ತಾಳಿ ನನ್ನ ಕೈಯಿಂದ ತಗೊಂಡು ಕಟ್ಟಿಕೊಂಡು. ಆಮ್ಯಾಲೆ ಹದಿನೈದು ದಿನ ಆಕಿ ನನ್ನ ಕೂಡ ಮಾತಾಡ್ಲಿಲ್ಲ. ಚಲೋನ ಮಾಡಿದ್ಲು.

ಸಂಶೋಧನಾದ ದೊಡ್ಡ ಡಾಕ್ಟರಬಾಯಿ ಕಡೆಗೂ ಹೋಗಿ ಹೇಳಿದ್ವಿ. ಶಾಹೀನ್ ಬಾಜೂಕ ನಿಂತಿದ್ಲು, ಆಕಿ ಕಣ್ಣು ನೋಡಾಕ ನನಗ ಆಗಲಿಲ್ಲ. ಡಾಕ್ಟರಬಾಯಿ ಬೈಯಲಿಲ್ಲ. ಬೈದಿದ್ರ ಮನಸ್ಸು ಹಗರ ಆಗತಿತ್ತು.

"ಈ ಫೈಲ್ ನೋಡ್ರಿ" ಅಂದ್ರು. "ತೂಕ ಮಹಾದೇವಿಯವರದು, ರಕ್ತ ಅವರದು, ಮೂತ್ರಪಿಂಡ ನಿಮ್ಮದು. ಇಂಥಾ ಮನಷ್ಯಾಳು ಈ ಜಗತ್ತಿನ್ಯಾಗ ಇಲ್ಲ. ನಾಳೆ ಇದನ್ನ ನಂಬಿ ಯಾರರ ಲೆಕ್ಕ ಹಾಕಿದ್ರ?"

"ಒಬ್ಬಾಕಿ ಹೋಗಿ ಇನ್ನೊಬ್ಬಾಕಿ ಬಂದ್ರ ಅಷ್ಟು ಫರಕ ಬೀಳತೈತೇನ್ರಿ?" ಅಂತ ಈರಣ್ಣ ಕೇಳಿದ.

"ಬೀಳತೈತಿ. ಅಂಜಿದವರು ಮನ್ಯಾಗ ಉಳದು, ಅವರ ಬದಲಿ ಧೈರ್ಯ ಇದ್ದವರೋ, ಮೊದಲ ನೋವಿದ್ದವರೋ ಬಂದ್ರ, ನಮ್ಮ ಚಿತ್ರದಾಗ ಬರೂದು ಅವರಷ್ಟ. ಅಂಜಿದವರ ಮೈ ಹೆಂಗೈತಿ ಅಂತ ನಮಗ ಎಂದೂ ತಿಳಿಯಂಗಿಲ್ಲ. 'ಬರಂಗಿಲ್ಲ' ಅಂದಿದ್ರ ಅದನ್ನ ಬರ್ಕೊಂತಿದ್ವಿ. ಅದಕ್ಕೂ ಬೆಲಿ ಐತಿ."

ನನ್ನ ಚಿತ್ರಾ ತಪಾಸಣಿಗೆ ನನ್ನ ಡಾಕ್ಟರಿಗೆ ಕೊಟ್ರು. ತಮ್ಮ ಸಂಶೋಧನಾದ ಲೆಕ್ಕದಿಂದ ಆ ಫೈಲ್ ಕಾಟು ಹೊಡೆದ್ರು. ನನ್ನ ಜೀವಾ ಉಳಿಸಿದ ಚಿತ್ರಾ ಅವರ ಕೆಲಸಕ್ಕ ಬಾರದಂಗ ಮಾಡಿದಾಕಿ ನಾ. ಬಿಸಲಾಗ ಮನಿಮನಿ ತಿರಗಿದ ಶಾಹೀನ್‌ದು ಎಷ್ಟು ದಿನದ ನಡಿಗಿ ನನ್ನಿಂದ ನೀರಾಗ ಹೋತು. ಹೊರಗ ಬಂದು ಆಕಿ ಕೈ ಹಿಡಿಯಾಕ ಹೋದೆ. "ನೀವು ಮೊದಲ ಆರಾಮಾಗ್ರಿ ಅಕ್ಕಾರ" ಅಂದು ಕೈ ಬಿಡಿಸಿಕೊಂಡ್ಲು.

ಆಪರೇಷನ್ ಆತು. ಮೂತ್ರಪಿಂಡದ ಒಂದು ತುಣುಕಿನ ಕೂಡ ಗಡ್ಡಿ ತಗದ್ರು. ಕೆಟ್ಟ ಗಡ್ಡಿನ ಇತ್ತು, ಆದ್ರ ಹೊರಗ ಕಾಲಿಟ್ಟಿದ್ದಿಲ್ಲಂತ. ಆರು ತಿಂಗಳಿಗೊಮ್ಮೆ ಹೋಗಿ ತೋರಿಸ್ಕೊಂಡು ಬರ್ತೇನಿ. ಈಗೂ ಅಲ್ಲಿ ಬಾಕಿನ ಮ್ಯಾಲೆ ಕೂತಾಗ, ಕಾಗದ ಕೈಗೆ ಬರೂತನಕ ಎಡ ಪಕ್ಕಡಿ ಒತ್ತಿ ನೋಡ್ಕೊಂತನ ಇರ್ತೇನಿ. ಆಪರೇಷನ್ ಆದಾಗ ವಾರ್ಡಿನ್ಯಾಗ ನನ್ನ ಕಾಲಕಡೆ ಕೂತಿದ್ದಾಕಿ ಮಹಾದೇವಿ. ನರ್ಸ್ ಬಂದು "ಪೇಶಂಟ್ ಹೆಸರೇನ್ರಿ?" ಅಂದಾಗ ಹದಿನೈದು ದಿನದ ಮ್ಯಾಲೆ ಬಾಯಿ ಬಿಟ್ಲು. "ಸುಶೀಲಾ ಅಂತ ಬರ್ಕೋರಿ. ಈ ಸಲ ಖರೆ ಐತಿ" ಅಂದ್ಲು. ನನಗ ನಗು ಬಂತು, ಹೊಲಿಗಿ ಜಗ್ಗಿ ಪ್ರಾಣಾ ಹೋದಂಗಾತು.

ಮತ್ತ ನಮ್ಮತ್ತಿ? ನಾ ಮನಿಗೆ ಬಂದ ಮ್ಯಾಲೂ ಉಪ್ಪಿಲ್ಲದ ಸಾರು ಉಣ್ಣಾಕತ್ತಿದ್ರು. "ಮಹಾದೇವಿಗೆ ಏನೂ ಇಲ್ಲಲ್ರಿ, ಇನ್ನ ಯಾಕ?" ಅಂದೆ. "ಬಾದಾಮಿಗೆ ಹೋಗಿ ದೇವಿಗೆ ಹೆಸರು ತಿದ್ದಿ ಹೇಳಿ ಬಂದೀನಿ. ಸುಮ್ನ ಉಣ್ಣು" ಅಂತ ಬೈದ್ರು. ನಾ ಒಳಗ ಹೋಗಿ ಸೆರಗ ಬಾಯಾಗ ತುರುಕಿಕೊಂಡು ಅತ್ತೆ. ಎಂಟು ದಿನ ಈ ಮನಿ ಬಗ್ಗೆ ನಾ ಏನ ತಿಳಕೊಂಡಿದ್ದೆ!

ಹೋದ ತಿಂಗಳು ಶಾಹೀನ್ ಮತ್ತ ಬಂದ್ಲು. ಡಾಕ್ಟರಬಾಯಿ ಕೇಳ್ಯಾರಂತ. ಎತ್ತಿದ ಚೀಟಿ ಮಹಾದೇವೀದ ಐತಿ, ಆಕಿ ಈಗ ಬರ್ತಾಳೇನು? ಬರಂಗಿಲ್ಲಂದ್ರ ಹಂಗ ಬರ್ಕೊಂತಾರಂತ. ಮಹಾದೇವಿ ಕೈಯಾನ ಲಾಳಿ ಬದೀಗಿಟ್ಲು. "ಬರ್ತೇನಿ" ಅಂದ್ಲು.

ಹೋಗೂ ದಿನ ಮುಂಜಾನೆ ನಾ ಮಗ್ಗದ ನೂಲು ಎಳಿ ಎಳಿ ಕೂಡಿಸಿ ಹೊಸೆದು, ಅರಿಷಿಣದಾಗ ಅದ್ದಿ, ಒಂದು ಚಲೋ ಅರಿಷಿಣಬೇರು ಕಟ್ಟಿ ತಾಟಿನ್ಯಾಗ ಇಟ್ಟೆ. ನಾ ಮುಟ್ಟಿದ್ದು ಆಕಿ ಹಾಕ್ಕೊಂತಾಳೋ ಇಲ್ಲೋ. ತಾಟು ಮುಂದ ಸರಿಸಿ, ಎರಡು ವರ್ಷ ಒಳಗ ಇಟಗೊಂಡಿದ್ದ ಮಾತು ತಗದೆ.

"ಮಹಾದೇವಿ, ಇದು ನನಗ ಅವತ್ತ ಗೊತ್ತಿತ್ತು. ಅಲ್ಲೇ, ಆ ಖೋಲ್ಯಾಗ. ನನಗ ಹೋಗಬೇಕಾಗಿತ್ತು, ಅದಕ್ಕ ನಿನಗ ಹೇಳಲಿಲ್ಲ."

ಆಕಿ ನೂಲು ನೋಡಿದ್ಲು, ನನ್ನ ನೋಡಿದ್ಲು.

"ನನಗೇನು ಗೊತ್ತಿದ್ದಿಲ್ಲೇನು? ನಾ ಯಾವ ಊರಾಗ ಹುಟ್ಟೀನಿ? ಆ ಕೊಳವಿಗೆ ಅಂಜಿದ್ದೆ, ಯಕ್ಕಾ. ನೆವ ತಾಳಿ ಮ್ಯಾಲೆ ಹಾಕಿದೆ. ನೀ ಹೋಗ್ತೇನಿ ಅಂದಾಗ ಎಷ್ಟು ಹಗರ ಆತು ಗೊತ್ತೇನು? ನಿನ್ನ ಗಡ್ಡಿ ಬಂದಾಗ, ನಂದಲ್ಲಲ್ಲಾ ಅಂತ ಮೊದಲ ನನಗೂ ಹಗರನ ಆಗಿತ್ತು. ಅದನ್ನ ನಾ ಯಾರ ಮುಂದ ಹೇಳ್ಲಿ?"

ಆಕಿ ತಾಳಿ ಬಿಚ್ಚಿ ತಾಟಿನ್ಯಾಗ ಇಟ್ಲು. ನನಗ ಬೆನ್ನ ಕೊಟ್ಟು ಕೂತು ಹೆರಳು ಮ್ಯಾಲೆತ್ತಿ ಹಿಡಿದ್ಲು.

"ನಾ ಕಟ್ಟಬಾರ್ದವ್ವಾ. ಅತ್ತಿ ಕರೀತೇನಿ."

ಕಟ್ಟಿ ಮ್ಯಾಲಿಂದ ನಮ್ಮನ್ನ ನೋಡ್ಕೋತ ಕೂತಿದ್ದ ಅತ್ತಿ, ಏನೂ ನೋಡೇ ಇಲ್ಲ ಅನ್ನೂವಂಗ ಮಾರಿ ಓಣಿ ಕಡೆ ತಿರಿವಿಕೊಂಡು, ಹೋಗೂ ಎಮ್ಮಿಗೆ ಬೈಯಾಕ ಚಾಲೂ ಮಾಡಿದ್ರು.

"ಗಾಡಿ ಬರ್ತೈತಿ, ಕಟ್ಟು" ಅಂದ್ಲು ಮಹಾದೇವಿ. "ಗಂಟು ಬಿಗಿಯಾಗಿ ಹಾಕು. ನನಗ ಈಗೂ ಭಾಳ ಅಂಜಿಕಿ ಐತಿ."

ನಾ ಗಂಟು ಹಾಕಿದೆ. ಬಿಚ್ಚೀತಂತ ಅಂಜಿ ಮತ್ತೊಂದು ಹಾಕಿದೆ.